ಅರ್ಜಿ ಒಂದು, ನಕಲು ಹನ್ನೊಂದು

ಕೇಳುಗರಿಗೆ ನಮಸ್ಕಾರ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡು, ತಿಂದು ಮುಗಿಸಿ ಪೊಟ್ಟಣ ಬಿಡಿಸಿದರೆ ಒಳಗೆ ಯಾರದೋ ಅಂಕಪಟ್ಟಿಯ ಜೆರಾಕ್ಸು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಎಲ್ಲ ಸ್ಪಷ್ಟ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇದನ್ನು ಕಂಡವರು ಬೇಕಾದಷ್ಟು ಮಂದಿ ಇದ್ದೀರಿ. ಆ ಕಾಗದವನ್ನು ಯಾರೂ ಕದ್ದಿರುವುದಿಲ್ಲ. ಯಾವುದೋ ಕಚೇರಿಯವರು ಹಳೇ ಅರ್ಜಿಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕಿರುತ್ತಾರೆ, ಅಷ್ಟೇ.

ಪಿಎಚ್‌ಡಿ ಫೆಲೋಶಿಪ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಧನಸಹಾಯ, ಕೇಳಿ ಬರುವ ಅರ್ಜಿಗಳಲ್ಲಿ ಅಂಕಪಟ್ಟಿಗಿಂತ ಸೂಕ್ಷ್ಮವಾದ ವಿವರಗಳಿರುತ್ತವೆ. ಜಾತಿ, ಕುಟುಂಬದ ಆದಾಯ, ಅಂಗವಿಕಲತೆಯ ಪ್ರಮಾಣ, ಬ್ಯಾಂಕ್ ಖಾತೆ, ಆಧಾರ್, ಜೊತೆಗೆ ಇನ್ನೂ ಎಲ್ಲೂ ಪ್ರಕಟವಾಗದ ಸಂಶೋಧನಾ ಪ್ರಸ್ತಾವನೆ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ, 2017ರಲ್ಲಿ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರುವಾದ ಮೇಲೆ ಪಾವಗಡದವರೂ ಬಾಗೇಪಲ್ಲಿಯವರೂ ಸಂಶೋಧನೆಗೆಂದು ಬೆಂಗಳೂರಿಗೇ ಹೋಗಬೇಕು ಅನ್ನುವ ಹಾಗಿಲ್ಲ. ನಾನು ಹೇಳುವುದು ಇಂಥದೇ ವಿಶ್ವವಿದ್ಯಾಲಯದ ಕತೆಯಲ್ಲ. ಯಾವ ಊರಿನಲ್ಲಾದರೂ ಅರ್ಜಿ ಹೋಗುವ ದಾರಿ ಹೆಚ್ಚುಕಮ್ಮಿ ಒಂದೇ.

ಆ ದಾರಿಯಲ್ಲಿ ಎಷ್ಟು ನಕಲು ಹುಟ್ಟುತ್ತವೆ ಎಂದು ಎಣಿಸೋಣ. ಪೋರ್ಟಲ್‌ನಲ್ಲಿ ಒಂದು. ಪ್ರಿಂಟ್ ತೆಗೆದು ಲಗತ್ತುಗಳ ಸಮೇತ ಕಳಿಸಿ, ಟಪಾಲು ವಿಭಾಗದಲ್ಲಿ ಇನ್‌ವರ್ಡ್ ನಂಬರ್ ಬಿದ್ದದ್ದು ಎರಡನೆಯದು. ವಿಷಯ ನಿರ್ವಾಹಕರು, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತರು, ಮಾಡಿಕೊಂಡ ಎಕ್ಸೆಲ್ ಪಟ್ಟಿ ಮೂರನೆಯದು. ಅದನ್ನು ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಮಾಡಿದರೆ ಕಳಿಸಿದವರ ಸೆಂಟ್ ಫೋಲ್ಡರಿನಲ್ಲೊಂದು, ಪಡೆದವರ ಇನ್‌ಬಾಕ್ಸಿನಲ್ಲೊಂದು, ಡೌನ್‌ಲೋಡ್ ಆಗಿ ಕೂತದ್ದೊಂದು, ಅಲ್ಲಿಗೆ ಆರು. ಸಂದರ್ಶನದ ದಿನ ಸಮಿತಿಯ ಐವರಿಗೆ ಐದು ಸೆಟ್ ಜೆರಾಕ್ಸ್, ಹನ್ನೊಂದು. 'ಸರ್, ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡಿಬಿಡಿ' ಅಂದರೋ, ಲೆಕ್ಕವೇ ತಪ್ಪಿತು. ಗುಂಪಿನಲ್ಲಿದ್ದವರ ಗ್ಯಾಲರಿಗೆ, ಅಲ್ಲಿಂದ ಫೋನಿನ ಬ್ಯಾಕಪ್‌ಗೆ ಅದು ತಾನಾಗಿಯೇ ಹೋಗುತ್ತದೆ.

ಮೊದಲನೆಯ ನಕಲಿಗೆ, ಅಂದರೆ ಪೋರ್ಟಲ್‌ಗೆ, ಪಾಸ್‌ವರ್ಡ್ ಇದೆ, ಜವಾಬ್ದಾರಿ ಹೊತ್ತವರಿದ್ದಾರೆ. ಉಳಿದ ಹತ್ತಕ್ಕೆ ಯಾರೂ ದಿಕ್ಕಿಲ್ಲ. ಮಾಹಿತಿ ಸೋರುವುದು ಸಾಮಾನ್ಯವಾಗಿ ಆ ಹತ್ತರಿಂದ.

ನಕಲು ಕಮ್ಮಿ ಮಾಡುವ ಕೆಲಸ ಅರ್ಜಿ ನಮೂನೆ ಬರೆಯುವಾಗಲೇ ಶುರುವಾಗಬೇಕು. ಹನ್ನೆರಡು ಫೆಲೋಶಿಪ್‌ಗಳಿವೆ, ಮುನ್ನೂರು ಅರ್ಜಿ ಬಂದವು ಅಂದುಕೊಳ್ಳಿ. ಮೊದಲ ದಿನವೇ ಎಲ್ಲರಿಂದಲೂ ಪಾಸ್‌ಬುಕ್ಕಿನ ಮೊದಲ ಪುಟ ಕೇಳಿದರೆ, ಇನ್ನೂರ ಎಂಬತ್ತೆಂಟು ಜನರ ಖಾತೆ ವಿವರ ಸುಮ್ಮನೆ ಕಚೇರಿಯಲ್ಲಿ ಬಿದ್ದಿರುತ್ತದೆ. ಮೊದಲ ಹಂತಕ್ಕೆ ಬೇಕಾದದ್ದು ಹೆಸರು, ಮೊಬೈಲ್, ಇಮೇಲ್, ಸ್ನಾತಕೋತ್ತರ ಅಂಕ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಯ ವಿವರ, ಮೀಸಲಾತಿ ಪ್ರವರ್ಗ, ಪ್ರಸ್ತಾವನೆ. ಜಾತಿ, ಆದಾಯ ಪ್ರಮಾಣಪತ್ರದ ಪರಿಶೀಲನೆ ಸಂದರ್ಶನಕ್ಕೆ ಕರೆದವರಿಗೆ ಮಾತ್ರ ಸಾಕು. ಅದಕ್ಕೂ ಜೆರಾಕ್ಸ್ ಇಟ್ಟುಕೊಳ್ಳಬೇಕಿಲ್ಲ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರನ್ನು ನಾಡಕಚೇರಿ ಜಾಲತಾಣದಲ್ಲಿ ಹಾಕಿ ನೋಡಿ, 'ಪರಿಶೀಲಿಸಲಾಗಿದೆ' ಎಂದು ದಿನಾಂಕ ಹಾಕಿ ಸಹಿ ಮಾಡಿದರೆ ಮುಗಿಯಿತು. ಜೆರಾಕ್ಸಿಗಿಂತ ಇದು ಹೆಚ್ಚು ನಂಬಿಕೆಯದು ಕೂಡ. ಜೆರಾಕ್ಸನ್ನು ತಿದ್ದಬಹುದು, ಆ ದಾಖಲೆಯನ್ನು ತಿದ್ದಲಾಗದು. ಬ್ಯಾಂಕ್ ಖಾತೆ, ಆಧಾರ್ ಕೇಳುವುದು ಆಯ್ಕೆಯಾದ ಹನ್ನೆರಡು ಜನರಿಂದ. ಆಧಾರ್ ಜೋಡಣೆಯಾದ ಖಾತೆಗೇ ಹಣ ಹಾಕುವ ಯೋಜನೆಯಾದರೆ ಖಾತೆ ನಂಬರೂ ಬೇಡ, ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ತಾನೇ ಹೋಗುತ್ತದೆ. ಅಭ್ಯರ್ಥಿ ಅದು ಯಾವ ಬ್ಯಾಂಕೆಂದು ಮೊದಲೇ ನೋಡಿಕೊಂಡಿರಬೇಕು ಅಷ್ಟೇ. ಯಾವತ್ತೋ ತೆರೆದು ಮರೆತ ಖಾತೆಗೆ ಹಣ ಬಿದ್ದು, 'ಇನ್ನೂ ಬಂದಿಲ್ಲ' ಎಂದು ಕಚೇರಿಗೆ ಅಲೆಯುವುದು ಉಂಟು.

ಇನ್ನು ತಾತ್ಕಾಲಿಕ ಆಯ್ಕೆ ಪಟ್ಟಿ. ಎಡವಟ್ಟುಗಳಲ್ಲಿ ದೊಡ್ಡ ಪಾಲು ಇಲ್ಲೇ ಆಗುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಷಯ ನಿರ್ವಾಹಕರ ಎಕ್ಸೆಲ್ ಹಾಳೆಯಲ್ಲಿ ಇಪ್ಪತ್ತು ಕಾಲಂ ಇರುತ್ತವೆ. ಪ್ರಕಟಣೆಗೆ ಆರು ಸಾಕು. ಉಳಿದ ಹದಿನಾಲ್ಕನ್ನು ಆಯ್ದು 'ಹೈಡ್' ಒತ್ತಿ, ಫೈಲನ್ನು ಹಾಗೆಯೇ ಜಾಲತಾಣಕ್ಕೆ ಏರಿಸುತ್ತಾರೆ. ಹೈಡ್ ಅಂದರೆ ಬಾಗಿಲ ಮುಂದೆ ಪರದೆ ಎಳೆದ ಹಾಗೆ. ಡೌನ್‌ಲೋಡ್ ಮಾಡಿದವರು ಕಾಲಂಗಳ ಮೇಲೆ ಬಲ ಗುಂಡಿ ಒತ್ತಿ 'ಅನ್‌ಹೈಡ್' ಅಂದರೆ ಮೊಬೈಲ್, ಆದಾಯ, ಖಾತೆ, ಎಲ್ಲ ಎದುರಿಗೆ. ಹೊಸ ಹಾಳೆ ತೆರೆದು ಬೇಕಾದ ಆರು ಕಾಲಂಗಳನ್ನು 'ಪೇಸ್ಟ್ ವ್ಯಾಲ್ಯೂಸ್' ಒತ್ತಿ ಮೌಲ್ಯವಾಗಿ ಮಾತ್ರ ಅಂಟಿಸಿ, ಅದನ್ನು ಪಿಡಿಎಫ್ ಮಾಡಿ ಹಾಕಬೇಕು. ಪಿಡಿಎಫ್‌ನಲ್ಲೂ ಇಂಥದೇ ಇನ್ನೊಂದು ಹಳ್ಳವಿದೆ, ಬೀಳುವವರು ಬೀಳುತ್ತಲೇ ಇರುತ್ತಾರೆ: ಆಧಾರ್ ನಂಬರಿನ ಮೇಲೆ ಕಪ್ಪು ಚೌಕ ಎಳೆದುಬಿಡುವುದು. ಕಣ್ಣಿಗೆ ಕಪ್ಪು ಕಾಣುತ್ತದೆ, ಅಕ್ಷರ ಅದರಡಿಯಲ್ಲಿ ಹಾಗೇ ಇರುತ್ತದೆ. ಆ ಜಾಗ ಆಯ್ದು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ನಂಬರು ಹೊರಗೆ ಬರುತ್ತದೆ. ಪ್ರಕಟಿಸುವ ಮೊದಲು ಬೇರೆ ಕಂಪ್ಯೂಟರಿನಲ್ಲಿ, ಬೇರೆಯವರ ಕೈಯಲ್ಲಿ ಒಮ್ಮೆ ಇದನ್ನು ಮಾಡಿಸಿ ನೋಡಬೇಕು. ಐದು ನಿಮಿಷದ ಕೆಲಸ.

ಹುಟ್ಟಿದ ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ಪೋರ್ಟಲ್‌ಗಳಲ್ಲಿ ಲಾಗಿನ್ ಆಗಲು ಅರ್ಜಿ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟರೆ ಸಾಕು. ಆಯ್ಕೆ ಪಟ್ಟಿಯಲ್ಲಿ ಆ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿದರೆ, ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ. ಒಳಹೊಕ್ಕವರು ಖಾತೆ ನಂಬರ್ ಬದಲಿಸಿಬಿಟ್ಟರೆ ಫೆಲೋಶಿಪ್ ಬೇರೆಯವರ ಪಾಲಾಗುತ್ತದೆ. ಇ-ಆಧಾರ್ ಫೈಲಿನ ಪಾಸ್‌ವರ್ಡ್ ಕೂಡ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಸಮಾನ ಅಂಕ ಬಂದಾಗ ವಯಸ್ಸು ನೋಡಿ ಆಯ್ಕೆ ಮಾಡುತ್ತಾರೆ, ಅದಕ್ಕೇ ದಿನಾಂಕ ಹಾಕುತ್ತೇವೆ ಅನ್ನುವವರಿದ್ದಾರೆ. ಷರಾ ಕಾಲಂನಲ್ಲಿ 'ವಯಸ್ಸಿನ ಆಧಾರದ ಮೇಲೆ' ಎಂದು ಬರೆದರೂ ಅದೇ ಅರ್ಥ ಬರುತ್ತದೆ. ಆಯ್ಕೆಯಾದ ಮೇಲೆ ಖಾತೆ ಬದಲಾವಣೆ ಕೇಳಿದರೆ ಪೋರ್ಟಲ್‌ನಲ್ಲಿ ಬಿಡಬಾರದು. ಗೈಡ್ ಮೂಲಕ ಸಹಿ ಮಾಡಿದ ಪತ್ರ ಬರಲಿ, ಹಳೆಯ ಮೊಬೈಲ್ ನಂಬರಿಗೆ ಕರೆ ಮಾಡಿ ಖಾತ್ರಿ ಮಾಡಿಕೊಳ್ಳಲಿ.

ಹಾಗಾದರೆ ಪಟ್ಟಿಯಲ್ಲಿ ಏನಿರಬೇಕು? ಅರ್ಜಿ ಸಂಖ್ಯೆ, ಹೆಸರು, ವಿಷಯ, ಅಂಕ, ಯಾವ ಪ್ರವರ್ಗದಡಿ ಆಯ್ಕೆ, ವೇಟಿಂಗ್ ಲಿಸ್ಟಿನಲ್ಲಿದ್ದರೆ ಎಷ್ಟನೆಯವರು. ಪ್ರವರ್ಗ ಮುಚ್ಚಿಟ್ಟರೆ ರೋಸ್ಟರ್, ಅಂದರೆ ಮೀಸಲಾತಿಯ ಸರದಿ, ಸರಿಯಿದೆಯೋ ಇಲ್ಲವೋ ಯಾರೂ ಕೇಳಲಾಗದು, ಹಾಗಾಗಿ ಅದು ಇರಲೇಬೇಕು. ಆದರೆ ಎಷ್ಟು ಆದಾಯ, ಯಾವ ಅಂಗವೈಕಲ್ಯ ಎಂಬುದು ಊರಿಗೆ ಬೇಕಿಲ್ಲ. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2022ರ ಪಿಎಚ್‌ಡಿ ನಿಯಮಾವಳಿ ಜಾಲತಾಣದಲ್ಲಿ ಹಾಕಿ ಅನ್ನುವುದು ಪ್ರವೇಶ ಪಡೆದ ಸಂಶೋಧನಾರ್ಥಿಯ ಹೆಸರು, ಸಂಶೋಧನೆಯ ವಿಷಯ, ಪ್ರವೇಶದ ದಿನಾಂಕ ಇಂಥವನ್ನು. ಅರ್ಜಿ ಹಾಕಿ ಸಿಗದೆ ಹೋದವರ ಪಟ್ಟಿಯನ್ನು ವರ್ಷಗಟ್ಟಲೆ ಜಾಲತಾಣದಲ್ಲಿ ನೇತುಹಾಕಿ ಎಂದು ಅದು ಹೇಳುವುದಿಲ್ಲ. ಆಧಾರ್ ನಂಬರ್ ಇರುವ ಯಾವ ದಾಖಲೆಯನ್ನೂ ನಂಬರ್ ಅಳಿಸದೆ ಬಹಿರಂಗ ಮಾಡಬಾರದು ಎಂಬ ನಿಯಮ 2016ರಿಂದಲೇ ಇದೆ. ಪದವಿ ಪ್ರಮಾಣಪತ್ರಗಳ ಮೇಲೆ ಪೂರ್ತಿ ಆಧಾರ್ ಸಂಖ್ಯೆ ಮುದ್ರಿಸಬೇಡಿ ಎಂದು ಯುಜಿಸಿ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆದದ್ದೂ ಅದನ್ನೇ ಹಿಡಿದು.

ಸಂದರ್ಶನ ಸಮಿತಿಗೆ ಹೋಗುವ ಸೆಟ್‌ಗಳಿಗೆ ಒಂದರಿಂದ ಐದು ನಂಬರ್ ಹಾಕಿ, ಸಹಿ ಪಡೆದು ಕೊಟ್ಟು, ಸಂಜೆ ಎಣಿಸಿ ವಾಪಸ್ ತೆಗೆದುಕೊಳ್ಳಬೇಕು. ಪ್ರಸ್ತಾವನೆ ಅಳೆಯುವವರಿಗೆ ಅಭ್ಯರ್ಥಿಯ ತಂದೆಯ ಆದಾಯ ಯಾಕೆ? ಆ ಹಾಳೆಗಳನ್ನು ಸೆಟ್‌ಗೆ ಸೇರಿಸಲೇಬಾರದು. ಪ್ರಸ್ತಾವನೆಯನ್ನು ಇಮೇಲ್‌ನಲ್ಲಿ ಎಲ್ಲರಿಗೂ ಹಂಚಿದರೆ ಅದರೊಳಗಿನ ಹೊಸ ಯೋಚನೆ ಯಾರ ಪ್ರಬಂಧದಲ್ಲಿ ತೇಲಿತೋ ಯಾರು ಬಲ್ಲರು. ಅಭ್ಯರ್ಥಿಗಳು ಬಾಯಿಬಿಟ್ಟು ಹೇಳದಿದ್ದರೂ ಅವರಿಗೆ ಹೆಚ್ಚು ಭಯವಿರುವುದು ಆ ಬಗ್ಗೆಯೇ.

ಈಗ ಕಾನೂನಿಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಮುಖ್ಯ ಕಟ್ಟುಪಾಡುಗಳು ಹದಿನೆಂಟು ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ. ಭದ್ರತೆಯಲ್ಲಿ ಎಚ್ಚರ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಸಮ್ಮತಿ ಕೇಳುವ ಸೂಚನೆಯನ್ನು ಕನ್ನಡದಲ್ಲೂ ಓದಲು ಅವಕಾಶ ಕೊಡಬೇಕು ಎಂಬುದೂ ಆ ಕಾಯ್ದೆಯಲ್ಲಿದೆ.

ಆದರೆ ಒಂದು ಸಂದಿ ಇದೆ. ಸರ್ಕಾರ ಅಥವಾ ಅದರ ಅಂಗಸಂಸ್ಥೆ ಸಹಾಯಧನ, ಸೌಲಭ್ಯ ಕೊಡಲು ಮಾಹಿತಿ ಬಳಸುವಾಗ ಪ್ರತ್ಯೇಕ ಸಮ್ಮತಿ ಬೇಡ ಎನ್ನುತ್ತದೆ ಏಳನೆಯ ಸೆಕ್ಷನ್. ಸಮ್ಮತಿ ಕೊಟ್ಟವರಿಗೆ ಸಿಗುವ 'ನನ್ನ ಮಾಹಿತಿ ತೋರಿಸಿ, ತಿದ್ದಿ' ಎಂಬ ಹಕ್ಕು ಅಲ್ಲಿ ತೆಳ್ಳಗಾಗುತ್ತದೆ. ಕೆಲಸ ಮುಗಿದ ಮೇಲೆ ಅಳಿಸಲೇಬೇಕು ಎಂಬ ಕಲಮಿನಿಂದಲೂ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಇದೆ. ಅಗತ್ಯವಿರುವಷ್ಟು ಕಾಲ ಮಾತ್ರ ಇಟ್ಟುಕೊಳ್ಳಿ ಎಂದು ನಿಯಮಗಳು ಹೇಳುತ್ತವೆ, ಅಗತ್ಯ ಎಷ್ಟು ಕಾಲ ಎಂಬುದನ್ನು ವಿಶ್ವವಿದ್ಯಾಲಯವೇ ಬರೆದುಕೊಳ್ಳಬೇಕು. ಬರೆದುಕೊಳ್ಳದಿದ್ದರೆ ಅರ್ಜಿಗಳು ಬೀರು ತುಂಬಿ, ವರಾಂಡಕ್ಕೆ ಬಂದು, ಒಂದು ದಿನ ಗುಜರಿ ಗಾಡಿ ಹತ್ತುತ್ತವೆ.

ಆಯ್ಕೆಯಾಗದವರ ಅರ್ಜಿ ಎಷ್ಟು ದಿನ ಇರಬೇಕು? ಅಂತಿಮ ಪಟ್ಟಿ ಬಂದ ದಿನವೇ ಒಬ್ಬರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರು ಅನ್ನಿ. ಉತ್ತರಕ್ಕೆ 30 ದಿನ. ಮೊದಲ ಮೇಲ್ಮನವಿಗೆ 30 ದಿನ, ಅದು ತೀರ್ಮಾನವಾಗಲು ಹೆಚ್ಚೆಂದರೆ 45, ಎರಡನೆಯ ಮೇಲ್ಮನವಿಗೆ 90. ಒಟ್ಟು 195 ದಿನ. ಆರು ತಿಂಗಳಿಗೇ ನಾಶ ಮಾಡಿದರೆ ಅವರ ಕೈ ಕಟ್ಟಿದಂತಾಯಿತು. ಒಂದು ವರ್ಷ ಎಂದು ಇಟ್ಟುಕೊಳ್ಳುವುದು ನ್ಯಾಯ. ಕೋರ್ಟಿನಲ್ಲಿ ದಾವೆ ಇದ್ದರೆ ಮಾತ್ರ ಆ ವರ್ಷದ ಕಡತವನ್ನು ಮುಟ್ಟಬಾರದು. ಆಯ್ಕೆಯಾದವರದು ಬೇರೆ ಲೆಕ್ಕ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮರುನೋಂದಣಿಯಾದರೆ ಇನ್ನೆರಡು. ಅದರ ಮೇಲೆ ಆಡಿಟ್ ಮುಗಿಯುವವರೆಗೆ ಇರಬೇಕು. ನಾಶ ಮಾಡುವ ದಿನ ಕಾಗದವನ್ನು ಅಡ್ಡಡ್ಡ ಉದ್ದುದ್ದ ಕತ್ತರಿಸುವ ಶ್ರೆಡ್ಡರಿಗೆ ಹಾಕಿ, ಎಷ್ಟು ಕಡತ, ಯಾರ ಎದುರು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಉದ್ದುದ್ದ ಮಾತ್ರ ಸೀಳುವ ಯಂತ್ರ ಬೇಡ, ಆ ಪಟ್ಟಿಗಳನ್ನು ಜೋಡಿಸಿ ಓದಬಹುದು. ಪೆನ್‌ಡ್ರೈವ್, ಸೆಂಟ್ ಫೋಲ್ಡರ್, ಬಾಡಿಗೆ ಜೆರಾಕ್ಸ್ ಯಂತ್ರದೊಳಗಿನ ಹಾರ್ಡ್‌ಡಿಸ್ಕ್, ಇವು ನಾಶ ಮಾಡಬೇಕಾದವುಗಳ ಪಟ್ಟಿಯಲ್ಲಿ ಬಿಟ್ಟುಹೋಗುವ ಹೆಸರುಗಳು.

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಮಾಹಿತಿ ಸೋರುತ್ತದೆ. ಆಗ ಗಡಿಯಾರ ನೋಡಬೇಕು. ಸೈಬರ್ ದಾಳಿಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲ್ ಆದೇಶವಿದೆ. ಹೊಸ ನಿಯಮಗಳ ಪ್ರಕಾರ ಬಾಧಿತರಿಗೆ ತಡಮಾಡದೆ ಹೇಳಬೇಕು, ವಿವರವಾದ ವರದಿ 72 ಗಂಟೆಯೊಳಗೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬೇಕು. 'ಮೊದಲು ಕುಲಸಚಿವರ ಟಿಪ್ಪಣಿ ಬರಲಿ' ಎಂದು ಕಡತ ಸುತ್ತಾಡಿಸಿದರೆ ಆರು ಗಂಟೆ ಮೊದಲ ಮೇಜಿನಲ್ಲೇ ಕಳೆದುಹೋಗುತ್ತದೆ. ಯಾರು ತಿಳಿಸಬೇಕು ಎಂಬುದು ಮೊದಲೇ ನಿಗದಿಯಾಗಿರಬೇಕು.

ಶ್ರೀನಿವಾಸಪುರದಲ್ಲಿ ಕೂತು ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರಿಗೂ ಒಂದು ಮಾತು. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅದು ಅರ್ಜಿದಾರರು ಯಾವ ದೇಶದವರೆಂದು ನೋಡುವುದಿಲ್ಲ, ಮಾಹಿತಿ ಬಳಸುವ ಸಂಸ್ಥೆ ಅಲ್ಲಿದ್ದರೆ ಸಾಕು. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು.

ಅರ್ಜಿದಾರರು ತಮ್ಮ ಕಡೆಯಿಂದ ಮಾಡಬಹುದಾದದ್ದೂ ಇದೆ. ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ ಆಧಾರ್ ಡೌನ್‌ಲೋಡ್ ಮಾಡಿಕೊಡಿ. ಜೆರಾಕ್ಸ್ ಕೊಡಲೇಬೇಕಾದರೆ ಅಕ್ಷರಗಳ ಮೇಲೇ ಹಾದುಹೋಗುವಂತೆ 'ಈ ಫೆಲೋಶಿಪ್ ಅರ್ಜಿಗೆ ಮಾತ್ರ' ಎಂದು ದಿನಾಂಕದೊಂದಿಗೆ ಓರೆಯಾಗಿ ಬರೆಯಿರಿ. ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡಬಹುದು. ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿದಾಗ ಡೌನ್‌ಲೋಡ್ಸ್ ಫೋಲ್ಡರಿನಿಂದ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ, ಇಮೇಲ್‌ನಿಂದ ಲಾಗೌಟ್ ಆಗಿ. ಪ್ರಿಂಟಿಗೆಂದು ಅಂಗಡಿಯವರ ವಾಟ್ಸಾಪ್‌ಗೆ ಕಳಿಸಿದ ಫೈಲು ಅವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಪೆನ್‌ಡ್ರೈವ್ ಒಯ್ಯುವುದು ಮೇಲು. ಪಟ್ಟಿ ಬಂದ ವಾರದಲ್ಲಿ ಯಾರೋ ಫೋನ್ ಮಾಡಿ ನಿಮ್ಮ ಅರ್ಜಿ ಸಂಖ್ಯೆ, ಅಂಕ ಎಲ್ಲ ಸರಿಯಾಗಿ ಹೇಳಿ, ಹಣ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ ಅಥವಾ ಯುಪಿಐ ಪಿನ್ ಒತ್ತಿ ಅಂದರೆ ಫೋನ್ ಇಡಿ. ಹಣ ಪಡೆಯಲು ಪಿನ್ ಬೇಡ. ದುಡ್ಡು ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ನಿಮ್ಮ ಅರ್ಜಿಯ ಗತಿ ಏನಾಯಿತೆಂದು ತಿಳಿಯಲು ಇವತ್ತಿಗೂ ಗಟ್ಟಿಯಾದ ದಾರಿ ಮಾಹಿತಿ ಹಕ್ಕು ಕಾಯ್ದೆಯೇ. ಅಭ್ಯರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಬೇರೆಯವರ ವೈಯಕ್ತಿಕ ಮಾಹಿತಿ ಕೇಳಿದರೆ, 2025ರ ನವೆಂಬರಿನಲ್ಲಿ ಜಾರಿಯಾದ ತಿದ್ದುಪಡಿಯಿಂದ, ಸಿಗುವುದು ಮೊದಲಿಗಿಂತ ಕಷ್ಟ. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ: ನನ್ನ ಅರ್ಜಿ ಸಂಖ್ಯೆ ಇಂತಿಷ್ಟು, ಅದಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆ ಮತ್ತು ನನ್ನ ಸಂದರ್ಶನದ ಅಂಕಗಳ ನಕಲು ಕೊಡಿ, ಆಯ್ಕೆಯಾಗದವರ ಅರ್ಜಿಗಳನ್ನು ಎಷ್ಟು ಅವಧಿ ಇಟ್ಟುಕೊಂಡು ನಾಶ ಮಾಡುತ್ತೀರಿ ಎಂಬ ಆದೇಶದ ಪ್ರತಿ ಕೊಡಿ. ಮೂರನೆಯದಕ್ಕೆ 'ಅಂಥ ಆದೇಶ ಕಚೇರಿಯಲ್ಲಿ ಲಭ್ಯವಿಲ್ಲ' ಎಂಬ ಉತ್ತರ ಬಂದರೆ, ಅದನ್ನೇ ಲಗತ್ತಿಸಿ ಕುಲಪತಿಗಳಿಗೆ ಒಂದು ಪತ್ರ ಬರೆಯಬಹುದು.

ನಮಸ್ಕಾರ.