ಡೆಸ್ಟ್ರಾಯರ್ ಹಡಗಿನ ಗೋಡೆಗಳು ಏಕೆ ಓರೆ?

ಎಲ್ಲರಿಗೂ ನಮಸ್ಕಾರ.

ಹೊಸ ಕಾಲದ ಡೆಸ್ಟ್ರಾಯರ್ ಯುದ್ಧನೌಕೆಯ ಫೋಟೋ ನೋಡಿದರೆ ಒಂದು ಸಂಗತಿ ತಕ್ಷಣ ಕಣ್ಣಿಗೆ ಬೀಳುತ್ತದೆ. ಹಳೆಯ ಹಡಗುಗಳಲ್ಲಿ ಹೊರಗೆ ಕಾಣುತ್ತಿದ್ದ ಏಣಿ, ಕಂಬಿ, ದೋಣಿ, ತಂತಿಗಳೆಲ್ಲ ಆದಷ್ಟು ಒಳಗೆ ಸೇರಿವೆ. ಗೋಡೆಗಳು ಬೋಳಾಗಿವೆ, ಮತ್ತು ಎಲ್ಲವೂ ಓರೆಯಾಗಿವೆ. ಇದನ್ನು ಯಾರೂ ಚೆಂದಕ್ಕೆ ಮಾಡಲಿಲ್ಲ. ಶತ್ರುವಿನ ರೇಡಾರ್‌ಗೆ ಸುಲಭವಾಗಿ ಸಿಗದಿರಲಿ ಅಂತ ಮಾಡಿದ್ದು. ಇದಕ್ಕೆ ಸ್ಟೆಲ್ತ್ ಅನ್ನುತ್ತಾರೆ.

ಸ್ಟೆಲ್ತ್ ಅಂದರೆ ಮಾಯವಾಗುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಏಳೆಂಟು ಸಾವಿರ ಟನ್ ತೂಕದ ಉಕ್ಕಿನ ಹಡಗು ಎಲ್ಲಿಗೆ ಮಾಯವಾಗುತ್ತದೆ ಹೇಳಿ? ಅದು ಬೇಡುವುದು ಇಷ್ಟೇ: ಶತ್ರುವಿಗೆ ತಡವಾಗಿ ಕಾಣಬೇಕು, ಕಂಡರೂ ಚಿಕ್ಕದಾಗಿ ಕಾಣಬೇಕು.

ಚಿಕ್ಕದಾಗಿ ಕಂಡರೆ ಏನು ಲಾಭ? 1982ರ ಫಾಕ್‌ಲ್ಯಾಂಡ್ ಯುದ್ಧವನ್ನು ನೋಡೋಣ. ಮೇ 4ರಂದು ಅರ್ಜೆಂಟೀನಾದ ವಿಮಾನ ಹಾರಿಸಿದ ಎಕ್ಸೋಸೆಟ್ ಕ್ಷಿಪಣಿ ಬ್ರಿಟನ್ನಿನ ಡೆಸ್ಟ್ರಾಯರ್ ಎಚ್‌ಎಂಎಸ್ ಶೆಫೀಲ್ಡ್‌ಗೆ ಬಡಿಯಿತು. 20 ಮಂದಿ ಸತ್ತರು. ಕೆಲವು ದಿನಗಳಲ್ಲಿ ಹಡಗೂ ಮುಳುಗಿತು. ಮೇ 25ರಂದು ಮತ್ತೆ ಎಕ್ಸೋಸೆಟ್ ಬಂದವು. ಈ ಸಲ ಯುದ್ಧನೌಕೆಗಳು ಚಾಫ್ ಹಾರಿಸಿದವು. ಚಾಫ್ ಅಂದರೆ ಲೋಹ ಲೇಪಿಸಿದ ಸಣ್ಣ ಎಳೆಗಳ ಮೋಡ. ಕ್ಷಿಪಣಿಯ ರೇಡಾರ್‌ಗೆ ಆ ಮೋಡವೇ ಹಡಗಿನಂತೆ ಕಾಣುತ್ತದೆ. ಯುದ್ಧನೌಕೆಗಳು ಬಚಾವಾದವು. ಆದರೆ ದಾರಿ ತಪ್ಪಿದ ಕ್ಷಿಪಣಿ ಮುಂದೆ ಹೋಗಿ ಅಟ್ಲಾಂಟಿಕ್ ಕನ್ವೇಯರ್ ಎಂಬ ದೊಡ್ಡ ಸರಕು ಹಡಗನ್ನು ಹುಡುಕಿಕೊಂಡಿತು. ಅದರಲ್ಲಿ ಚಾಫ್ ಇರಲೇ ಇಲ್ಲ. ಅಲ್ಲಿ 12 ಮಂದಿ ಸತ್ತರು.

ನನ್ನ ಮಟ್ಟಿಗೆ ಸ್ಟೆಲ್ತ್ ಹಡಗಿನ ತಿರುಳು ಈ ಘಟನೆಯಲ್ಲೇ ಇದೆ. ಕ್ಷಿಪಣಿ ತನ್ನ ರೇಡಾರ್‌ನಲ್ಲಿ ಕಾಣುವ ಗುರುತುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಹಡಗಿನ ಗುರುತು ದೊಡ್ಡದಾಗಿದ್ದರೆ ಅದನ್ನು ಮೀರಿಸುವ ಮೋಡ ಮಾಡುವುದು ಕಷ್ಟ. ಗುರುತು ಚಿಕ್ಕದಾದಷ್ಟೂ ಸಣ್ಣ ಮೋಸವೇ ಸಾಕಾಗುತ್ತದೆ.

ಈಗ ಓರೆ ಗೋಡೆಗೆ ಬರೋಣ. ಕೋಣೆಯ ಮೂಲೆಗೆ ಚೆಂಡು ಎಸೆದರೆ ಅದು ಎರಡೂ ಗೋಡೆಗೆ ತಾಗಿ ಎಸೆದವರ ಕಡೆಗೇ ವಾಪಸ್ ಬರುತ್ತದೆ, ಅಲ್ವಾ? ರೇಡಾರ್ ಅಲೆಯೂ ಹಾಗೆಯೇ. ನೆಟ್ಟಗಿನ ಗೋಡೆ ಮತ್ತು ಮಟ್ಟಸವಾದ ಡೆಕ್ ಸೇರುವ ಕಡೆ ಲಂಬಕೋನದ ಮೂಲೆ ಆಗುತ್ತದೆ. ಹಡಗಿನ ಮೈ ಮತ್ತು ಸಮುದ್ರದ ನೀರು ಸೇರುವಲ್ಲೂ ಅಂಥದ್ದೇ ಮೂಲೆ. ಗೋಡೆಯನ್ನು ಕೆಲವೇ ಡಿಗ್ರಿ ಓರೆ ಮಾಡಿದರೂ ಅಲೆ ಬೇರೆ ಕಡೆಗೆ ಸಿಡಿದು ಹೋಗುತ್ತದೆ. ಆದರೆ ಇಲ್ಲಿ ಒಂದು ಕಹಿ ಲೆಕ್ಕ ಇದೆ. ವಾಪಸ್ ಹೋಗುವ ಅಲೆಯನ್ನು 16ರಲ್ಲಿ ಒಂದು ಪಾಲಿಗೆ ಇಳಿಸಿದರೂ, ರೇಡಾರ್ ಸಮೀಕರಣದ ಪ್ರಕಾರ ಹಡಗು ಪತ್ತೆಯಾಗುವ ದೂರ ಅರ್ಧ ಮಾತ್ರ ಕಡಿಮೆಯಾಗುತ್ತದೆ. ಅದಕ್ಕೇ ವಿನ್ಯಾಸಕಾರರು ಒಂದೊಂದು ಕಂಬಿಗೂ, ಒಂದೊಂದು ಬಾಗಿಲಿಗೂ ತಲೆ ಕೆಡಿಸಿಕೊಳ್ಳುವುದು.

ಈ ದಾರಿಯಲ್ಲಿ ತೀರಾ ಮುಂದಕ್ಕೆ ಹೋದದ್ದು ಅಮೆರಿಕದ ಜುಮ್‌ವಾಲ್ಟ್. 2016ರ ಅಕ್ಟೋಬರ್‌ನಲ್ಲಿ ಸೇವೆಗೆ ಸೇರಿದ ಹಡಗು. ಉದ್ದ ಸುಮಾರು 186 ಮೀಟರ್, ತೂಕ 15,000 ಟನ್ನಿಗೂ ಜಾಸ್ತಿ. ಅಲ್ಲಿನ ಮೇನ್ ರಾಜ್ಯದ ಕರಾವಳಿಯಲ್ಲಿ ಅದರ ಪರೀಕ್ಷೆ ನಡೆಯುತ್ತಿದ್ದಾಗ, ಅಲ್ಲಿನ ಮೀನುಗಾರರೊಬ್ಬರಿಗೆ ತಮ್ಮ ರೇಡಾರ್‌ನಲ್ಲಿ ಕಂಡದ್ದು 40-50 ಅಡಿಯ ಮೀನುಗಾರಿಕೆ ದೋಣಿಯಷ್ಟು ಗುರುತು. ಮಂಜಿನಲ್ಲಿ ಬೇರೆ ಹಡಗುಗಳು ಬಂದು ಗುದ್ದಬಾರದು ಅಂತ ಜುಮ್‌ವಾಲ್ಟ್‌ಗೆ ಬೇಕೆಂದೇ ರೇಡಾರ್ ಅಲೆಯನ್ನು ವಾಪಸ್ ಕಳಿಸುವ ಪ್ರತಿಫಲಕ ತೂಗುಹಾಕುವ ವ್ಯವಸ್ಥೆಯೂ ಇದೆ.

ಉಳಿದ ಡೆಸ್ಟ್ರಾಯರ್‌ಗಳ ಮೈ ನೀರಿನಿಂದ ಮೇಲೆ ಹೋದಂತೆ ಅಗಲವಾಗುತ್ತದೆ, ಮೇಲಿನ ಕಟ್ಟಡ ಮಾತ್ರ ಒಳಕ್ಕೆ ವಾಲುತ್ತದೆ. ಜುಮ್‌ವಾಲ್ಟ್‌ನಲ್ಲಿ ಮೈಯೂ ಒಳಕ್ಕೇ ವಾಲುತ್ತದೆ. ಸಾಮಾನ್ಯ ಹಡಗು ಅಲೆಗೆ ಸಿಕ್ಕಿ ಒಂದು ಬದಿಗೆ ವಾಲಿದಾಗ, ಮೇಲಿನ ಅಗಲವಾದ ಭಾಗ ನೀರಿಗೆ ಇಳಿದು ಹಡಗನ್ನು ಮತ್ತೆ ನೆಟ್ಟಗೆ ತಳ್ಳುತ್ತದೆ. ಒಳಕ್ಕೆ ವಾಲಿದ ಮೈಗೆ ಆ ಆಸರೆ ಕಡಿಮೆ. ಇದರ ಬಗ್ಗೆ ಹಡಗು ವಿನ್ಯಾಸಕಾರರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 32 ಹಡಗು ಕಟ್ಟುವ ಯೋಜನೆ ಕೊನೆಗೆ ಮೂರಕ್ಕೆ ನಿಂತಿತು. ಅದಕ್ಕೆ ಮುಖ್ಯ ಕಾರಣ ದುಡ್ಡು. ಹಡಗು ಕಡಿಮೆಯಾದಂತೆ ಅದರ ವಿಶೇಷ ಫಿರಂಗಿಯ ಶೆಲ್ ದುಬಾರಿಯಾಯಿತು. ಒಂದಕ್ಕೆ ಸುಮಾರು 8 ಲಕ್ಷ ಡಾಲರ್ ಅಂತಾದಾಗ ಖರೀದಿಯನ್ನೇ ಕೈಬಿಟ್ಟರು. ಈಗ ಫಿರಂಗಿಯ ಜಾಗಕ್ಕೆ ಹೈಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ಐದು ಪಟ್ಟಿಗೂ ಜಾಸ್ತಿ ವೇಗದ ಕ್ಷಿಪಣಿಗಳ ಕೊಳವೆ ಬರುತ್ತಿದೆ. ಇಷ್ಟಾದರೂ ಆ ಹಡಗಿನ ಆಕಾರ ಕಟ್ಟಿದವರ ಬಗ್ಗೆ ನನಗೆ ಗೌರವವಿದೆ. ಅವರು ಲೆಕ್ಕವನ್ನು ಕೊನೆಯವರೆಗೂ ನಂಬಿದರು.

ಎಲ್ಲರೂ ಅಷ್ಟು ದೂರ ಹೋಗದಿರಲು ಇನ್ನೊಂದು ಕಾರಣ ರೇಡಾರ್‌ನ ಎತ್ತರ. ಭೂಮಿ ಗುಂಡಗಿದೆ. ನೀರಿನಿಂದ 25 ಮೀಟರ್ ಎತ್ತರದ ರೇಡಾರ್‌ಗೆ, ಐದು ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಕಾಣುವುದು ಸುಮಾರು 30 ಕಿಲೋಮೀಟರ್ ದೂರಕ್ಕೆ ಬಂದಾಗ. ಸೆಕೆಂಡಿಗೆ 300 ಮೀಟರ್ ವೇಗದ ಕ್ಷಿಪಣಿಯಾದರೆ ಕೈಯಲ್ಲಿರುವುದು 100 ಸೆಕೆಂಡ್. ಶಬ್ದಕ್ಕಿಂತ ಮೂರು ಪಟ್ಟು ವೇಗದ್ದಾದರೆ ಅರ್ಧ ನಿಮಿಷ ಅಷ್ಟೇ. ರೇಡಾರನ್ನು ಇನ್ನು ಹತ್ತು ಮೀಟರ್ ಏರಿಸಿದರೆ, ನಿಧಾನದ ಕ್ಷಿಪಣಿಯ ವಿಷಯದಲ್ಲಿ ಸುಮಾರು 12 ಸೆಕೆಂಡ್ ಜಾಸ್ತಿ ಸಿಗುತ್ತದೆ. ಬ್ರಿಟನ್ನಿನ ಟೈಪ್ 45 ಡೆಸ್ಟ್ರಾಯರ್‌ಗಳು ಎತ್ತರದ ಮಾಸ್ಟ್‌ನ (ಡೆಕ್ ಮೇಲಿನ ಕಂಬದ) ತುದಿಯಲ್ಲಿ ಗುಂಡಗಿನ ಸ್ಯಾಂಪ್ಸನ್ ರೇಡಾರ್ ಹೊತ್ತಿರುವುದು ಇದಕ್ಕೇ. ಎತ್ತರದ ಮಾಸ್ಟ್ ಬೇಗ ಕಾಣುತ್ತದೆ, ನಿಜ. ಆದರೆ ವಾಯುದಾಳಿ ತಡೆಯುವುದೇ ಮುಖ್ಯ ಕೆಲಸವಾದ ಹಡಗಿಗೆ ಆ ಸೆಕೆಂಡುಗಳೇ ಹೆಚ್ಚು ಬೆಲೆಯವು. ನಾನಾದರೂ ಎತ್ತರವನ್ನೇ ಆರಿಸುತ್ತಿದ್ದೆ.

ರೇಡಾರ್ ಒಂದೇ ಅಲ್ಲ, ಶಾಖವೂ ಹಡಗನ್ನು ಹಿಡಿದುಕೊಡುತ್ತದೆ. ಗ್ಯಾಸ್ ಟರ್ಬೈನ್ ಎಂಜಿನ್‌ನ ಬಿಸಿ ಹೊಗೆಗೆ ಚಿಮಣಿಯಲ್ಲೇ ತಣ್ಣನೆಯ ಗಾಳಿ ಬೆರೆಸುತ್ತಾರೆ. ಸದ್ದು ಜಲಾಂತರ್ಗಾಮಿಗಳಿಗೆ ಕೇಳಿಸದಿರಲಿ ಅಂತ ಯಂತ್ರಗಳನ್ನು ಅದುರು ಹೀರುವ ಮೆತ್ತೆಗಳ ಮೇಲೆ ಕೂರಿಸುತ್ತಾರೆ. ಅಮೆರಿಕದ ಆರ್ಲೀ ಬರ್ಕ್ ಹಡಗುಗಳು ಮೈಯ ಸುತ್ತಲೂ, ಪ್ರೊಪೆಲರ್‌ನ ಅಲಗುಗಳಿಂದಲೂ ಗಾಳಿಗುಳ್ಳೆ ಬಿಟ್ಟು ಸದ್ದು ಅಡಗಿಸುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಹಡಗು ತನ್ನ ರೇಡಾರ್ ಚಾಲೂ ಮಾಡಿದರೆ, ಆ ಅಲೆಗಳೇ ಅದರ ಜಾಗವನ್ನು ಸಾರಿ ಹೇಳುತ್ತವೆ. ಶತ್ರು ಸುಮ್ನೆ ಕಿವಿಗೊಟ್ಟು ಕೂತರೆ ಸಾಕು. ಹಾಗಾಗಿ ಅಪಾಯದ ನೀರಿನಲ್ಲಿ ನಾಯಕ ಕೆಲವೊಮ್ಮೆ ತನ್ನ ರೇಡಾರನ್ನು ಆಫ್ ಮಾಡಿಯೇ ಸಾಗುತ್ತಾನೆ. ದೂರದ ವಿಮಾನವೋ ಇನ್ನೊಂದು ಹಡಗೋ ನೋಡಿದ್ದನ್ನು ಡೇಟಾ ಲಿಂಕ್ ಎಂಬ ರೇಡಿಯೋ ಸಂಪರ್ಕದ ಮೂಲಕ ಪಡೆಯುತ್ತಾನೆ. ಯಾವ ಹೊತ್ತಿನಲ್ಲಿ ರೇಡಾರ್ ಚಾಲೂ ಮಾಡಬೇಕು ಎಂಬ ತೀರ್ಮಾನ ಮಾತ್ರ ಅವನದೇ.