ಅಪ್‌ಗ್ರೇಡ್ ಒತ್ತೋಕೆ ಮುಂಚೆ ಹೆಸರುಗಳನ್ನ ಹೊರಗೆ ತೆಗೀರಿ

ನಮಸ್ಕಾರ ಎಲ್ರಿಗೂ. ಇವತ್ತು ಪಿಕಾಸಾ ಬಗ್ಗೆ ಮಾತಾಡ್ಬೇಕು ಅಂತ ಕೂತಿದೀನಿ. ಹೌದು, ಅದೇ ಪಿಕಾಸಾ, 2016ರ ಮಾರ್ಚಲ್ಲಿ ಗೂಗಲ್ ನಿಲ್ಲಿಸಿಬಿಟ್ಟ ಫೋಟೋ ಸಾಫ್ಟ್‌ವೇರ್. ಇಷ್ಟು ವರ್ಷ ಆದ್ಮೇಲೆ ಈಗ್ಯಾಕೆ ಅಂದ್ರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು, ಅಲ್ಲಿಂದ ಈಚೆಗೆ ಎಷ್ಟೋ ಮನೆಗಳಲ್ಲಿ ಹಳೇ ಕಂಪ್ಯೂಟರ್ ಹೋಗಿ ಹೊಸದು ಬರ್ತಾ ಇದೆ, ಕೆಲವರು ಹಳೇದನ್ನ ಎಕ್ಸ್‌ಚೇಂಜಿಗೆ ಕೊಡ್ತಾರೆ, ಕೆಲವರು ಫಾರ್ಮ್ಯಾಟ್ ಮಾಡಿಸಿ ಮಕ್ಕಳಿಗೆ ಕೊಡ್ತಾರೆ, ಕೇಳಿದ್ರೆ ‘ಫೋಟೋ ಎಲ್ಲಾ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡಿದೀವಿ, ಏನೂ ಹೋಗಿಲ್ಲ’ ಅಂತಾರೆ.

ಫೋಟೋ ಹೋಗಿಲ್ಲ, ನಿಜ. ಆದ್ರೆ ಆ ಫೋಟೋ ಮೇಲೆ ನೀವು ಮಾಡಿದ ಕೆಲಸ ಇದ್ಯಲ್ಲ, ಕ್ರಾಪ್ ಮಾಡಿದ್ದು, ಕತ್ತಲೆ ಇದ್ದದ್ದನ್ನ ಬೆಳಕು ಮಾಡಿದ್ದು, ಎಲ್ಲಕ್ಕಿಂತ ಮುಖ್ಯವಾಗಿ ಈ ಮುಖ ಯಾರ್ದು ಅಂತ ಕೂತ್ಕೊಂಡು ಒಂದೊಂದಕ್ಕೂ ಹೆಸರು ಹಾಕಿದ್ದು, ಅದು ಬಂದಿದ್ಯಾ ಅಂತ ಯಾರೂ ನೋಡಲ್ಲ. ನನಗೆ ಹೊಟ್ಟೆ ಉರಿಯೋದು ಅಲ್ಲೇ.

ಪಿಕಾಸಾ ಒಳಗೆ ಏನ್ ನಡೀತಿತ್ತು ಅಂತ ಸ್ವಲ್ಪ ಹೇಳ್ತೀನಿ, ಅದು ಗೊತ್ತಾದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ನೀವು ಒಂದು ಫೋಟೋ ಎಡಿಟ್ ಮಾಡಿದಾಗ ಪಿಕಾಸಾ ಆ ಫೋಟೋ ಫೈಲನ್ನ ಮುಟ್ತಾನೇ ಇರ್ಲಿಲ್ಲ. ಅದೇ ಫೋಲ್ಡರಲ್ಲಿ ‘ಡಾಟ್ ಪಿಕಾಸಾ ಡಾಟ್ ಐಎನ್ಐ’ ಅಂತ ಕಣ್ಣಿಗೆ ಕಾಣದ ಒಂದು ಸಣ್ಣ ಫೈಲ್ ಇಟ್ಟು ಅದರೊಳಗೆ ಈ ಫೋಟೋನ ಇಲ್ಲಿಂದ ಇಲ್ಲಿಗೆ ಕ್ರಾಪ್ ಮಾಡು, ಇಷ್ಟು ಬೆಳಕು ಕೊಡು ಅಂತ ಬರೆದಿಟ್ಕೊಳ್ತಿತ್ತು. ನೀವು ಪಿಕಾಸಾದಲ್ಲಿ ತೆಗೆದಾಗ ಆ ಬರಹ ಓದಿ ಎಡಿಟ್ ಆಗಿರೋ ಫೋಟೋ ತೋರಿಸ್ತಿತ್ತು. ಬೇರೆ ಯಾವ ಸಾಫ್ಟ್‌ವೇರಲ್ಲಿ ತೆಗೆದ್ರೂ ಕ್ಯಾಮೆರಾದಿಂದ ಬಂದ ಮೊದಲಿನ ಫೋಟೋನೇ ಕಾಣ್ಸೋದು. ಕೆಲಸ ಒಳ್ಳೇ ಕೆಲಸಾನೇ ಅದು, ಮೂಲ ಫೋಟೋ ಹಾಳಾಗಬಾರದು ಅನ್ನೋ ಕಾಳಜಿ, ಅದಕ್ಕೆ ನಾನು ಅವರನ್ನ ಮೆಚ್ಕೋತೀನಿ. ಆದ್ರೆ ಆ ಬರಹ ಓದೋರು ಪಿಕಾಸಾ ಒಬ್ರೇ ಆದ್ರಲ್ಲ, ಕಷ್ಟ ಶುರುವಾಗಿದ್ದು ಅಲ್ಲಿಂದ.

ನೀವು ಸೇವ್ ಒತ್ತಿದ್ರೆ ಮಾತ್ರ ಎಡಿಟ್ ನಿಜವಾದ ಫೈಲಿಗೆ ಹೋಗ್ತಿತ್ತು, ಆಗ ಮೂಲ ಫೋಟೋನ ‘ಡಾಟ್ ಪಿಕಾಸಾ ಒರಿಜಿನಲ್ಸ್’ ಅಂತ ಇನ್ನೊಂದು ಅಡಗಿದ ಫೋಲ್ಡರಿಗೆ ತಳ್ಳಿಡ್ತಿತ್ತು. ಈಗ ಯೋಚನೆ ಮಾಡಿ, ಹೊಸ ಕಂಪ್ಯೂಟರಿಗೆ ಹೋಗುವಾಗ ನೀವು ಫೋಲ್ಡರ್ ಒಳಗೆ ಹೋಗಿ ಕಂಟ್ರೋಲ್ ಎ ಹೊಡೆದು ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಮಾಡ್ತೀರಿ, ಅಡಗಿರೋ ಫೈಲ್ ಕಣ್ಣಿಗೇ ಕಾಣದೇ ಇದ್ದಾಗ ಅದು ಸೆಲೆಕ್ಟೇ ಆಗಲ್ಲ, ಐಎನ್ಐ ಫೈಲೂ ಬರಲ್ಲ, ಒರಿಜಿನಲ್ಸೂ ಬರಲ್ಲ. ಒಳಗೆ ಹೋಗದೇ ಹೊರಗಿಂದ ಇಡೀ ಫೋಲ್ಡರನ್ನೇ ಎತ್ತಿ ಕಾಪಿ ಮಾಡಿದ್ರೆ ಎರಡೂ ಬರತ್ತೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಉಳಿಯೋದು ಹೋಗೋದು ನಿರ್ಧಾರ ಆಗತ್ತೆ, ಇದನ್ನ ಜನಕ್ಕೆ ಯಾರೂ ಹೇಳಿರ್ಲಿಲ್ಲ.

ಇನ್ನು ಮುಖಗಳ ವಿಷಯ. ಮುಖ ಫೋಟೋದ ಯಾವ ಜಾಗದಲ್ಲಿದೆ ಅನ್ನೋದನ್ನ ಐಎನ್ಐ ಫೈಲಲ್ಲಿ ಒಂದು ಕೋಡ್ ಜೊತೆ ಬರೀತಿತ್ತು, ಆ ಕೋಡ್ ಅಂದ್ರೆ ಯಾರು ಅನ್ನೋ ಪೂರ್ತಿ ಪಟ್ಟಿ ಇರ್ತಿದ್ದದ್ದು ಸಿ ಡ್ರೈವಲ್ಲಿ, ನಿಮ್ಮ ಯೂಸರ್ ಫೋಲ್ಡರಿನ ಒಳಗಿರೋ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ಗೂಗಲ್, ಅದರೊಳಗೆ ಪಿಕಾಸಾ 2, ಅದರೊಳಗೆ ಕಾಂಟ್ಯಾಕ್ಟ್ಸ್ ಅನ್ನೋ ಫೋಲ್ಡರಲ್ಲಿ. ಫಾರ್ಮ್ಯಾಟ್ ಮಾಡೋ ಹುಡುಗ ಡಿ ಡ್ರೈವ್ ಉಳಿಸ್ತಾನೆ, ಸಿ ಡ್ರೈವ್ ಒರೆಸಿಬಿಡ್ತಾನೆ, ಅವನ ತಪ್ಪೇನೂ ಇಲ್ಲ, ಅವನಿಗೆ ಹಾಗೇ ಹೇಳಿರ್ತೀವಿ. ಆಲ್ಬಂಗಳ ಪಟ್ಟಿ, ಡೇಟಾಬೇಸ್ ಇರ್ತಿದ್ದದ್ದೂ ಅದೇ ಸಿ ಡ್ರೈವಲ್ಲೇ.

ಒಂದು ಮದುವೆ ಗುಂಪು ಫೋಟೋ ತಗೊಳ್ಳಿ, ಊರಿನ ಮನೆ ಜಗಲಿ ಮೇಲೆ ಮೂರು ಸಾಲಲ್ಲಿ ಜನ ನಿಂತಿದಾರೆ. ಅದರಲ್ಲಿ ಹಿಂದಿನ ಸಾಲಲ್ಲಿ ನಿಂತಿರೋ ಹೆಂಗಸು ಅಜ್ಜಿಯ ತಂಗಿನಾ ಅಥವಾ ಸೋದರತ್ತೆನಾ ಅಂತ ಹೇಳೋಕೆ ಮನೇಲಿ ಒಬ್ರೋ ಇಬ್ರೋ ಇರ್ತಾರೆ, ಅವರನ್ನ ಕಂಪ್ಯೂಟರ್ ಮುಂದೆ ಕೂರಿಸ್ಕೊಂಡು ಕೇಳಿ ಕೇಳಿ ಹಾಕಿದ ಹೆಸರುಗಳು ಅವು. ಎಡಿಟ್ ಹೋದ್ರೆ ಮತ್ತೆ ಮಾಡ್ಬಹುದು, ಕ್ರಾಪ್ ಮಾಡೋಕೆ ಎಷ್ಟೊತ್ತು. ಹೆಸರು ಹೋದ್ರೆ, ಹೇಳ್ದೋರು ಇಲ್ಲದೇ ಇದ್ರೆ, ಅದು ವಾಪಸ್ ಬರೋಕೆ ದಾರಿನೇ ಇಲ್ಲ. ಅದಕ್ಕೇ ನಾನು ಹೇಳೋದು, ಸಾಫ್ಟ್‌ವೇರ್ ಸತ್ತಾಗ ಮೊದಲು ಉಳಿಸ್ಬೇಕಾದ್ದು ಸಾಫ್ಟ್‌ವೇರ್ ಅಲ್ಲ, ಅದರ ಹೊಟ್ಟೇಲಿರೋ ಮಾಹಿತಿ. ತುಂಬ ಜನ ಕೇಳೋದು ‘ಪಿಕಾಸಾ ವಿಂಡೋಸ್ 11ರಲ್ಲಿ ಓಡತ್ತಾ’ ಅಂತ. ಹಳೇ ಇನ್‌ಸ್ಟಾಲರ್ ಇದ್ರೆ ಓಡತ್ತೆ ರೀ, ಆದ್ರೆ ಖಾಲಿ ಪಿಕಾಸಾ ಓಡಿ ಏನು ಪ್ರಯೋಜನ.

ಹಾಗಾಗಿ ಹಳೇ ಕಂಪ್ಯೂಟರ್ ಇನ್ನೂ ಮನೇಲಿದ್ರೆ, ಅದು ಆನ್ ಆಗ್ತಿದ್ರೆ, ದಯವಿಟ್ಟು ಅದನ್ನ ಕೊಡ್ಬೇಡಿ, ಮೊದಲು ಇಷ್ಟು ಮಾಡಿ. ಎಲ್ಲಾ ಫೋಟೋದ್ದೂ ಒಂದು ಬ್ಯಾಕಪ್ ಬೇರೆ ಡಿಸ್ಕಲ್ಲಿ ಮಾಡ್ಕೊಳ್ಳಿ, ಇಡೀ ಫೋಲ್ಡರ್ ಸಮೇತ, ಜೊತೆಗೆ ಆ್ಯಪ್‌ಡೇಟಾದ ಆ ಪಿಕಾಸಾ ಫೋಲ್ಡರುಗಳನ್ನೂ ಸೇರಿಸಿ. ಆಮೇಲೆ ಪಿಕಾಸಾ 3.9ರಲ್ಲಿ ಟೂಲ್ಸ್, ಆಪ್ಷನ್ಸ್, ನೇಮ್ ಟ್ಯಾಗ್ಸ್ ಅಂತ ಹೋದ್ರೆ ಹೆಸರನ್ನ ಫೋಟೋ ಒಳಗೇ ಬರಿ ಅನ್ನೋ ಒಂದು ಟಿಕ್ ಇದೆ, ಅದನ್ನ ಹಾಕಿ, ಮುಂಚೆನೇ ಹಾಕಿದ ಹೆಸರುಗಳಿಗೆ ಟೂಲ್ಸ್, ಎಕ್ಸ್‌ಪೆರಿಮೆಂಟಲ್ ಒಳಗಿರೋ ‘ರೈಟ್ ಫೇಸಸ್ ಟು ಎಕ್ಸ್‌ಎಂಪಿ’ ಅನ್ನೋದನ್ನೂ ಒತ್ತಿ. ಆಗ ಹೆಸರು, ಮುಖದ ಜಾಗ ಎರಡೂ ಎಕ್ಸ್‌ಎಂಪಿ ಅನ್ನೋ, ಬೇರೆ ಸಾಫ್ಟ್‌ವೇರುಗಳೂ ಓದೋ ರೂಪದಲ್ಲಿ ಜೆಪೆಗ್ ಫೈಲಿನ ಒಳಗೇ ಕೂರತ್ತೆ, ಫೋಟೋ ಎಲ್ಲಿಗೆ ಹೋದ್ರೂ ಹೆಸರು ಜೊತೇಲೇ ಹೋಗತ್ತೆ. ಒಂದು ಸಮಾಧಾನ ಏನಂದ್ರೆ ನೀವು ಫೋಟೋ ಕೆಳಗೆ ಬರೆದ ಕ್ಯಾಪ್ಷನ್ ಇದ್ರೆ ಅದನ್ನ ಪಿಕಾಸಾ ಮೊದಲಿಂದಲೂ ಜೆಪೆಗ್ ಒಳಗೇ ಹಾಕ್ತಿತ್ತು, ಹಾಗಾಗಿ ಅದು ಉಳಿದಿರತ್ತೆ. ಎಡಿಟ್ ಮಾಡಿರೋ ಫೋಟೋಗಳನ್ನ ಎಕ್ಸ್‌ಪೋರ್ಟ್ ಕೊಟ್ಟು, ಸೈಜ್ ಕಮ್ಮಿ ಮಾಡದೇ, ಬೇರೆ ಫೋಲ್ಡರಿಗೆ ತೆಗೀರಿ. ಕೊನೇಲಿ ಡಿಜಿಕ್ಯಾಮ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು, ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಬರತ್ತೆ, ಅದರಲ್ಲಿ ನಾಕೈದು ಫೋಟೋ ತೆಗೆದು ಮುಖದ ಮೇಲೆ ಹೆಸರು ಕಾಣ್ತಿದ್ಯಾ ಅಂತ ಕಣ್ಣಾರೆ ನೋಡಿ. ನೋಡದೇ ನಂಬಬೇಡಿ.

ಕೆಲವರು ಹೇಳ್ತಾರೆ, ಅದೆಲ್ಲಾ ಯಾಕೆ, ಗೂಗಲ್ ಫೋಟೋಸಿಗೆ ಹಾಕಿದ್ರೆ ಆಯ್ತಲ್ಲ, ಅದೇ ಮುಖ ಗುರುತು ಹಿಡಿಯತ್ತೆ ಅಂತ. ಹಿಡಿಯತ್ತೆ, ಒಪ್ಕೊಳ್ತೀನಿ, ಹುಡುಕೋಕೆ ಅಷ್ಟು ಸುಲಭ ಇನ್ನೊಂದಿಲ್ಲ. ಆದ್ರೆ ಅಲ್ಲಿ ನೀವು ಹಾಕೋ ಹೆಸರು ನಿಮ್ಮ ಅಕೌಂಟಲ್ಲಿರತ್ತೆ, ಫೋಟೋ ಡೌನ್‌ಲೋಡ್ ಮಾಡಿದ್ರೆ ಫೋಟೋ ಒಳಗೆ ಆ ಹೆಸರು ಇರಲ್ಲ. ಅಂದ್ರೆ ಪಿಕಾಸಾದಲ್ಲಿ ಆದ ಅದೇ ಕಥೆ ಇನ್ನೊಂದು ಜಾಗದಲ್ಲಿ.

ಮ್ಯಾಕ್ ಇಟ್ಕೊಂಡಿರೋರಿಗೆ ಇದಕ್ಕಿಂತ ಗಟ್ಟಿ ಪೆಟ್ಟು ಬಿತ್ತು. 2019ರಲ್ಲಿ ಮ್ಯಾಕ್ಒಎಸ್‌ನ ಕ್ಯಾಟಲಿನಾ ವರ್ಷನ್ ಬಂದಾಗ ಆ್ಯಪಲ್ 32-ಬಿಟ್ ಅನ್ನೋ ಹಳೇ ಥರದ ಪ್ರೋಗ್ರಾಂಗಳನ್ನ ಪೂರ್ತಿ ನಿಲ್ಲಿಸ್ತು, ಮ್ಯಾಕಿನ ಪಿಕಾಸಾ ಅವತ್ತಿಗೇ ಮುಗೀತು. ಆ್ಯಪಲ್‌ದೇ ಆದ ಅಪರ್ಚರ್ ಅಂತ ಒಂದಿತ್ತು, ವೃತ್ತಿಪರ ಫೋಟೋಗ್ರಾಫರುಗಳಿಗೆ ಅಂತ 2005ರಲ್ಲಿ 499 ಡಾಲರಿಗೆ ಬಂದದ್ದು, 2014ರ ಜೂನಲ್ಲಿ ಇನ್ನು ಇದನ್ನ ಬೆಳೆಸಲ್ಲ ಅಂದ್ರು, 2015ರಲ್ಲಿ ಮಾರೋದು ನಿಲ್ಲಿಸಿದ್ರು, ಕ್ಯಾಟಲಿನಾಗೆ ಹಿಂದಿನ ಮೊಹಾವಿ ವರೆಗೂ ಓಡ್ತು, ಕ್ಯಾಟಲಿನಾದಲ್ಲಿ ಇಲ್ಲ. ಅದರಲ್ಲಿ ಕೆಲಸ ಮಾಡ್ತಿದ್ದೋರು ರಾ ಫೈಲಲ್ಲಿ, ಅಂದ್ರೆ ಕ್ಯಾಮೆರಾ ಸೆನ್ಸರಿನ ಹಸಿ ಮಾಹಿತಿ ಇರೋ ಫೈಲಲ್ಲಿ, ಎಡಿಟ್ ಮಾಡ್ತಿದ್ರು. ರಾ ಫೈಲಲ್ಲಿ ಎಡಿಟ್ ಅಂದ್ರೆ ಬರೀ ಸೂಚನೆಗಳು, ಆ ಸೂಚನೆಗೆ ತಕ್ಕ ಹಾಗೆ ಬಣ್ಣ ಲೆಕ್ಕ ಹಾಕೋದು ಆಯಾ ಸಾಫ್ಟ್‌ವೇರಿನ ಎಂಜಿನ್, ಒಂದರಲ್ಲಿ ಶ್ಯಾಡೋ 30 ಅಂದದ್ದು ಇನ್ನೊಂದರಲ್ಲಿ 30 ಅಲ್ಲವೇ ಅಲ್ಲ. ಅಡೋಬಿ 2014ರಲ್ಲೇ ಅಪರ್ಚರಿಂದ ತನ್ನದೇ ಫೋಟೋ ಸಾಫ್ಟ್‌ವೇರ್ ಲೈಟ್‌ರೂಮಿಗೆ ತರೋ ಪ್ಲಗಿನ್ ಕೊಟ್ಟಾಗಲೂ ಸ್ಟಾರ್ ರೇಟಿಂಗ್, ಕೀವರ್ಡ್ ಬಂತು, ಎಡಿಟ್ ಮಾಡಿದ್ದು ಎಡಿಟ್ ಆಗಿ ಬರ್ಲಿಲ್ಲ. ಸೋಮಾರಿತನಕ್ಕೆ ಬಿಟ್ಟದ್ದಲ್ಲ ಅದು, ಒಂದು ಎಂಜಿನಿನ ಲೆಕ್ಕ ಇನ್ನೊಂದಕ್ಕೆ ಕೂರೋದೇ ಇಲ್ಲ. ಹಾಗಾಗಿ ಅಂಥವರಿಗೆ ಇರೋ ದಾರಿ ಒಂದೇ, ಮುಖ್ಯವಾದ ಫೋಟೋಗಳನ್ನ ಗುಣಮಟ್ಟ ಕಮ್ಮಿ ಆಗದ 16-ಬಿಟ್ ಟಿಫ್ ಫೈಲ್ ಮಾಡಿ ತೆಗೆದಿಟ್ಕೊಳ್ಳೋದು, ರಾ ಫೈಲೂ ಪಕ್ಕದಲ್ಲಿರ್ಲಿ. ಜಾಗ ತಿನ್ನತ್ತೆ, ತಿನ್ನಲಿ ಬಿಡಿ, ಈಗ ಹಾರ್ಡ್ ಡಿಸ್ಕಿನ ಜಾಗಕ್ಕಿಂತ ನಿಮ್ಮ ಕಣ್ಣಿನ ಕೆಲಸ ದುಬಾರಿ.

ನಮ್ಮೂರ ಸ್ಟುಡಿಯೋದೋರ ಪರಿಸ್ಥಿತಿ ಬೇರೆ. ತಾಲ್ಲೂಕು ಮಟ್ಟದಲ್ಲಿ ಆಲ್ಬಂ ಡಿಸೈನ್ ಮಾಡೋರು 2002ರ ಫೋಟೋಶಾಪ್ 7ರಲ್ಲೋ, 2012ರ ಸಿಎಸ್6ರಲ್ಲೋ ಕೈ ಪಳಗಿಸ್ಕೊಂಡೋರು, 2013ರ ಮೇಲಿಂದ ಅಡೋಬಿ ಹೊಸ ಫೋಟೋಶಾಪನ್ನ ಬಾಡಿಗೆ ಲೆಕ್ಕದಲ್ಲೇ ಕೊಡ್ತಾ ಬಂದಿದೆ, ಸೀಸನ್ ಇಲ್ಲದ ಆಷಾಢದಲ್ಲೂ ಆ ತಿಂಗಳ ದುಡ್ಡು ಕಟ್ಟಲೇಬೇಕು ಅಂದ್ರೆ ಸಣ್ಣ ಸ್ಟುಡಿಯೋಗೆ ಅದು ಭಾರಾನೇ. ಅವರು ಹಳೇದನ್ನೇ ಹಿಡ್ಕೊಂಡಿದಾರೆ ಅಂತ ಹಿಂದುಳಿದೋರು ಅನ್ನೋ ಥರ ಮಾತಾಡೋದು ನನಗೆ ಒಂಚೂರೂ ಇಷ್ಟ ಆಗಲ್ಲ, ಅದು ಅವರ ಹೊಟ್ಟೆಪಾಡು. ಆದ್ರೆ ಅವರಿಗೆ ಒಂದು ಮಾತು ಹೇಳ್ಲೇಬೇಕು, ಕನ್ನಡ ಅಕ್ಷರದ ಬಗ್ಗೆ. ಫೋಟೋಶಾಪ್ 7ಕ್ಕೆ ಕನ್ನಡ ಯೂನಿಕೋಡ್, ಅಂದ್ರೆ ಈಗ ಎಲ್ಲಾ ಕಡೆ ಬಳಸೋ ಅಕ್ಷರ ಪದ್ಧತಿ, ಸರಿಯಾಗಿ ಜೋಡಿಸೋಕೆ ಬರಲ್ಲ, ಹಾಗಾಗಿ ಹೆಸರು, ‘ಶುಭ ವಿವಾಹ’ ಎಲ್ಲಾ ನುಡಿ, ಶ್ರೀಲಿಪಿ ಥರದ ಹಳೇ ಫಾಂಟಲ್ಲಿ ಕೂತಿದೆ. ಆ ಪಿಎಸ್‌ಡಿ, ಅಂದ್ರೆ ಫೋಟೋಶಾಪಿನ ಫೈಲನ್ನ, ಅದೇ ಫಾಂಟ್ ಇಲ್ಲದ ಹೊಸ ಸಿಸ್ಟಮಲ್ಲಿ ತೆಗೆದು ಟೆಕ್ಸ್ಟ್ ಲೇಯರ್ ಮುಟ್ಟಿದ್ರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸುಮೇಲೋಗರ ಆಗಿ ಕಾಣತ್ತೆ. ಹಳೇ ಸಿಸ್ಟಮ್ ತೆಗೆಯೋಕೆ ಮುಂಚೆ ಫಾಂಟ್ ಫೋಲ್ಡರ್ ಪೂರ್ತಿ ಕಾಪಿ ಮಾಡ್ಕೊಳ್ಳಿ, ಮುಖ್ಯವಾದ ಪಿಎಸ್‌ಡಿಗಳದ್ದು ಇನ್ನೊಂದು ಕಾಪಿ ಮಾಡಿ ಅದರಲ್ಲಿ ಟೆಕ್ಸ್ಟನ್ನ ರಾಸ್ಟರೈಸ್ ಮಾಡಿ ಇಡಿ, ಮುಂದೆ ಏನೇ ಆದ್ರೂ ಅಕ್ಷರ ಚಿತ್ರವಾಗಿ ಉಳಿಯತ್ತೆ.

ಹಳೇ ಸಿಸ್ಟಮನ್ನೇ ಉಳಿಸ್ಕೊಳ್ತೀನಿ ಅಂದ್ರೆ ಅದೂ ಒಳ್ಳೇ ದಾರಿನೇ. ಇಂಟರ್ನೆಟ್ ಕೇಬಲ್ ಕಿತ್ತಾಕಿ, ವೈಫೈ ಆಫ್ ಮಾಡಿ, ಬರೀ ಆ ಕೆಲಸಕ್ಕೆ ಅಂತ ಇಟ್ಕೊಳ್ಳಿ, ಪೆನ್ ಡ್ರೈವ್ ಹಾಕೋಕೆ ಮುಂಚೆ ಹೊಸ ಸಿಸ್ಟಮಲ್ಲಿ ವೈರಸ್ ಚೆಕ್ ಮಾಡಿ. ಸಪೋರ್ಟ್ ಇಲ್ಲದ ವಿಂಡೋಸಲ್ಲಿ ಬ್ಯಾಂಕಿಂಗ್ ಮಾತ್ರ ಮಾಡ್ಬೇಡಿ.

ಇಷ್ಟೆಲ್ಲಾ ನಾವೇ ಮಾಡ್ಬೇಕಾ ಅಂತ ಕೋಪ ಬರತ್ತೆ, ಬರ್ಲೇಬೇಕು. ಕಂಪನಿಗಳು ಸಾಫ್ಟ್‌ವೇರ್ ನಿಲ್ಲಿಸ್ಬಾರ್ದು ಅಂತ ನಾನು ಹೇಳ್ತಿಲ್ಲ, ಯಾವುದನ್ನೂ ಯಾರೂ ಶಾಶ್ವತವಾಗಿ ನಡೆಸೋಕಾಗಲ್ಲ. ಆದ್ರೆ ನಿಲ್ಲಿಸುವಾಗ ಜನ ಅದರೊಳಗೆ ಹಾಕಿದ್ದನ್ನ ಎಲ್ಲರೂ ಓದೋ ರೂಪದಲ್ಲಿ ಹೊರಗೆ ಕೊಡೋ ಒಂದು ಬಟನ್ ಕೊಟ್ಟು ಹೋಗ್ಬೇಕು, ಆ್ಯಕ್ಟಿವೇಶನ್ ಬೇಡದ ಒಂದು ಕಾಪಿ ಬಿಟ್ಟು ಹೋಗ್ಬೇಕು. ಆಗದ ಕೆಲಸ ಏನಲ್ಲ. ಅಡೋಬಿ ತನ್ನ ಹಳೇ ಸಿಎಸ್2ರ ಆ್ಯಕ್ಟಿವೇಶನ್ ಸರ್ವರ್, ಅಂದ್ರೆ ಕಾಪಿ ಅಸಲಿನಾ ಅಂತ ನೋಡೋ ಸರ್ವರ್, ಮುಚ್ಚಿದಾಗ ದುಡ್ಡು ಕೊಟ್ಟು ತಗೊಂಡಿದ್ದವರಿಗೆ ಅಂತ ಆ್ಯಕ್ಟಿವೇಶನ್ ಇಲ್ಲದ ಇನ್‌ಸ್ಟಾಲರ್ ಕೊಟ್ಟಿತ್ತು. ಫೋಟೋ ಎಡಿಟ್ ಮಾಡೋ ಪ್ಲಗಿನ್‌ಗಳ ಗುಂಪು ನಿಕ್ ಕಲೆಕ್ಷನ್ನಿಗೆ ಇನ್ನು ಅಪ್‌ಡೇಟ್ ಇಲ್ಲ ಅಂತ ಗೂಗಲ್ 2017ರಲ್ಲಿ ಹೇಳ್ತು, ಅದೇ ವರ್ಷ ಫ್ರಾನ್ಸಿನ ಡಿಎಕ್ಸ್ಒ ಕಂಪನಿ ಅದನ್ನ ಕೊಂಡ್ಕೊಂಡು ಬದುಕಿಸ್ತು. ಪಿಕಾಸಾನ ಯಾರಿಗಾದ್ರೂ ಕೊಟ್ಟಿದ್ರೆ, ಅದರ ಕೋಡನ್ನಾದ್ರೂ ಬಿಚ್ಚಿಟ್ಟಿದ್ರೆ, ಇವತ್ತು ಈ ಎಪಿಸೋಡೇ ಬೇಕಿರ್ಲಿಲ್ಲ ಅಂತ ನನಗೆ ಬಲವಾಗಿ ಅನ್ಸತ್ತೆ.

ಮ್ಯಾಕಿನೋರಿಗೆ ಇನ್ನೊಂದು ಗಡುವು ಬರ್ತಿದೆ, ಅದನ್ನ ಹೇಳಿ ಮುಗಿಸ್ತೀನಿ. ಇಂಟೆಲ್ ಚಿಪ್ ಕಾಲದ ಪ್ರೋಗ್ರಾಂಗಳನ್ನ ಹೊಸ ಎಂ-ಸೀರೀಸ್ ಮ್ಯಾಕುಗಳಲ್ಲಿ ಓಡಿಸೋ ರೊಸೆಟ್ಟಾ 2 ಇದ್ಯಲ್ಲ, ಅದು ಮ್ಯಾಕ್ಒಎಸ್ 27ರ ವರೆಗೆ ಮಾತ್ರ ಪೂರ್ತಿಯಾಗಿ ಇರತ್ತೆ ಅಂತ ಆ್ಯಪಲ್ 2025ರಲ್ಲೇ ಹೇಳಿದೆ. ನಿಮ್ಮ ಸಿಸ್ಟಮ್ ರಿಪೋರ್ಟ್ ತೆಗೆದು ಅಪ್ಲಿಕೇಶನ್ಸ್ ಪಟ್ಟಿ ನೋಡಿ, ಯಾವುದರ ಎದುರಿಗೆ ಇಂಟೆಲ್ ಅಂತ ಇದ್ಯೋ ಅದರಲ್ಲಿ ಫೋಟೋ ಕೆಲಸ ಏನಾದ್ರೂ ಸಿಕ್ಕಿಹಾಕ್ಕೊಂಡಿದ್ರೆ ಈ ವಾರಾನೇ ಎಕ್ಸ್‌ಪೋರ್ಟ್ ಶುರು ಮಾಡಿ. ಯಾವ ಸಾಫ್ಟ್‌ವೇರಿಂದ ಹೇಗೆ ತೆಗೆಯೋದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅದರ ಹೆಸರು, ವರ್ಷನ್ ನಂಬರ್ ಎರಡೂ ಬರೆದು ಕೇಳಿ, ನನಗೆ ಗೊತ್ತಿರೋದನ್ನ ಖಂಡಿತ ಹೇಳ್ತೀನಿ.