ನಮ್ಮ ಜನಕ್ಕೆ ಈ ಕ್ಯಾನ್ಸರ್ ಬರಲ್ಲ ಅನ್ನೋರಿಗೆ

ಕೇಳುಗರಿಗೆಲ್ಲ ನಮಸ್ಕಾರ. ಮಧ್ಯಾಹ್ನದ ಕೆಲಸ ಮುಗಿಸಿ ರೇಡಿಯೋ ಹಾಕಿಕೊಂಡು ಕೂತಿರುವ ಅಕ್ಕ ತಂಗಿಯರೇ, ಇವತ್ತು ಮಾತು ನಿಮ್ಮ ಜೊತೆಗೇ. ಗಂಡಸರು ಪಕ್ಕದಲ್ಲಿದ್ದರೆ ಅವರೂ ಕೇಳಲಿ, ಸೌಂಡ್ ಕಡಿಮೆ ಮಾಡಬೇಡಿ.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಎಲ್ಲಿ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಡಾಕ್ಟ್ರೇ, ಇದು ನಮ್ಮ ಜನರಲ್ಲಿ ಬರುತ್ತಾ?" ನಮ್ಮ ಜನ ಅಂದರೆ ನಮ್ಮ ಜಾತಿ, ನಮ್ಮ ವಂಶ. ಪ್ರಶ್ನೆ ತಪ್ಪಲ್ಲ, ವಿಜ್ಞಾನಿಗಳೂ ಇದನ್ನೇ ಕೇಳಿದ್ದಾರೆ. ನನ್ನ ಉತ್ತರ ಮಾತ್ರ ಒಂದೇ: ಯಾರ ಜನವಾದರೂ ಪರೀಕ್ಷೆ ಮಾಡಿಸಿ.

ಈ ಕ್ಯಾನ್ಸರ್ ತರುವುದು ಎಚ್‌ಪಿವಿ ಅನ್ನೋ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಬಹಳ ಹೆಂಗಸರಿಗೆ ಒಂದಲ್ಲ ಒಂದು ಸಲ ತಗಲುತ್ತದೆ, ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಸುಮ್ನೆ ಕೂತುಬಿಡುತ್ತದೆ. ಯಾಕೆ?

ಇಲ್ಲಿ ಎಚ್‌ಎಲ್‌ಎ ಅನ್ನೋ ಜೀನ್‌ಗಳು ಬರುತ್ತವೆ. ಜೀನ್ ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ವಂಶವಾಹಿ. ಅಡುಗೆಯವರು ಸಾರಿನ ಒಂದು ತೊಟ್ಟು ಅಂಗೈಗೆ ಹಾಕಿ ರುಚಿ ನೋಡು ಅನ್ನುತ್ತಾರಲ್ಲ, ಹಾಗೆ ಎಚ್‌ಎಲ್‌ಎ ವೈರಸ್ಸಿನ ಚೂರೊಂದನ್ನು ಹಿಡಿದು ರಕ್ಷಣೆಯ ಕಣಗಳಿಗೆ ತೋರಿಸುತ್ತದೆ. ಕೆಲವು ಎಚ್‌ಎಲ್‌ಎ ಚೆನ್ನಾಗಿ ಹಿಡಿಯುತ್ತವೆ, ಕೆಲವು ಹಿಡಿಯುವುದಿಲ್ಲ. 1994ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷಿಕ ಮೂಲದ ಹೆಂಗಸರಲ್ಲಿ ನೋಡಿದಾಗ ಡಿಆರ್15 ಅನ್ನೋ ಬಗೆಯ ಎಚ್‌ಎಲ್‌ಎ ಇದ್ದವರಿಗೆ ಅಪಾಯ ಜಾಸ್ತಿ, ಡಿಆರ್13 ಅನ್ನೋ ಬಗೆ ಇದ್ದವರಿಗೆ ಕಡಿಮೆ ಅಂತ ಗೊತ್ತಾಯಿತು. ಡಿಆರ್13 ಕಾಪಾಡುವುದು ಸ್ವೀಡನ್ನಿನ ಹೆಂಗಸರಲ್ಲೂ ಕಂಡಿತು. ಇಂಥ ಬಗೆಗಳು ಒಂದೊಂದು ಜನಾಂಗದಲ್ಲಿ ಒಂದೊಂದು ಪ್ರಮಾಣದಲ್ಲಿವೆ. ನಿಜ. ಆದರೆ ಅದನ್ನು ಹಿಡಿದುಕೊಂಡು ಮನೆಯಲ್ಲಿ ಕೂತರೆ ಆಗಲಿಲ್ಲ.

ಒಂದು ಸಂಗತಿ ಹೇಳಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ಕ್ಯಾಂಪಿಗೆ ಇಬ್ಬರು ಬಂದಿದ್ದರು. ಒಡಹುಟ್ಟಿದ ಅಕ್ಕ ತಂಗಿ, ಒಂದೇ ಮನೆಗೆ ಸೊಸೆಯರಾಗಿ ಹೋಗಿ ವಾರಗಿತ್ತಿಯರೂ ಆಗಿದ್ದವರು. ಆಶಾ ಕಾರ್ಯಕರ್ತೆಯ ಒತ್ತಾಯಕ್ಕೆ ಅಕ್ಕ ಪರೀಕ್ಷೆ ಮಾಡಿಸಿಕೊಂಡಳು, ಏನೂ ಇರಲಿಲ್ಲ. ತಂಗಿ ಅಕ್ಕನ ಬ್ಯಾಗ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅಕ್ಕನಿಗಿಲ್ಲ ಅಂದ್ಮೇಲೆ ನನಗೂ ಇರಲ್ಲ ಬಿಡಿ, ಒಂದೇ ರಕ್ತ ಅಲ್ವಾ" ಅಂದಳು. ನಮ್ಮ ಸಿಸ್ಟರ್ ಬಿಡಲಿಲ್ಲ. "ಬಾರಮ್ಮ, ಐದು ನಿಮಿಷ, ನೋವಾಗಲ್ಲ" ಅಂತ ಕೈ ಹಿಡಿದು ಒಳಗೆ ಕರೆತಂದರು. ಗರ್ಭಕೋಶದ ಬಾಯಿಗೆ ನೀರು ಬೆರೆಸಿದ ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾದೆವು. ಕಿರುಬೆರಳ ಉಗುರಿನಷ್ಟು ಜಾಗ ಬೆಳ್ಳಗಾಯಿತು, ಅಂಚು ಗೆರೆ ಎಳೆದಂತೆ ಸ್ಪಷ್ಟ. ಕ್ಯಾನ್ಸರ್ ಅಲ್ಲ, ಅದರ ಮುಂಚಿನ ಹಂತ. ಶಾಖ ಕೊಟ್ಟು ಅಷ್ಟು ಜಾಗವನ್ನು ಅಲ್ಲೇ ಸುಟ್ಟು ತೆಗೆದೆವು. ಸಂಜೆ ಬಸ್ಸಿಗೆ ಇಬ್ಬರೂ ಊರಿಗೆ ಹೋದರು.

ಒಂದೇ ರಕ್ತ ಅಂದಳಲ್ಲ, ಎಚ್‌ಎಲ್‌ಎ ಅಮ್ಮನಿಂದ ಒಂದು ಕಂತೆ, ಅಪ್ಪನಿಂದ ಒಂದು ಕಂತೆ ಬರುತ್ತದೆ. ಒಡಹುಟ್ಟಿದ ಇಬ್ಬರಲ್ಲಿ ಎರಡೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕ ತಂಗಿಯರಲ್ಲೇ ಇಷ್ಟು ವ್ಯತ್ಯಾಸ ಇರುವಾಗ ಇಡೀ ಜಾತಿಯನ್ನು ನಂಬಿ ಕೂರುತ್ತೀರಾ? ಪರೀಕ್ಷೆ ಮಾಡಿಸಿ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು, 2009ರಲ್ಲಿ ಬಂದ ವರದಿ. ಯಾರ ಜೀನನ್ನೂ ಅಲ್ಲಿ ಕೇಳಿರಲಿಲ್ಲ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಈ ವೈರಸ್ಸಿನ ವಿರುದ್ಧದ ಲಸಿಕೆ ಹಾಕಿಸಿ. ಸ್ವೀಡನ್ನಿನಲ್ಲಿ 17 ತುಂಬುವ ಮೊದಲು ಹಾಕಿಸಿಕೊಂಡವರಲ್ಲಿ ಅಪಾಯ 88 ಶೇಕಡ ಕಡಿಮೆಯಾಗಿತ್ತು. ಲಸಿಕೆ ಆದವರೂ 30 ದಾಟಿದ ಮೇಲೆ ಪರೀಕ್ಷೆಗೆ ಬರಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಕ್ಯಾಂಪ್ ಬರಲಿ ಅಂತ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗಿ.